ಸೀಲಿಂಗಿನೊಳಗೆ ಕೈ ಹಾಕಿ ನೋಡಿ

ಈ ಕೆಲಸಕ್ಕೆ ಹೊಸದಾಗಿ ಇಳಿದವರು ನನ್ನನ್ನು ಕಂಡರೆ ಮೊದಲು ಕೇಳುವುದು ಒಂದೇ ಪ್ರಶ್ನೆ: ಮನೆಯ ಸೀಲಿಂಗಿನೊಳಗೆ ಕೂರಿಸಲು ಯಾವ ಕಂಪನಿಯ ಸ್ಪೀಕರ್ ಒಳ್ಳೆಯದು? ಯಾವ ಸೀಲಿಂಗು ಎಂದು ನಾನು ತಿರುಗಿ ಕೇಳುತ್ತೇನೆ. ಆಗ ಅವರ ಮುಖದಲ್ಲಿ ಸಣ್ಣದೊಂದು ನಗು ಬರುತ್ತದೆ. ಮೊಬೈಲಿನಲ್ಲಿ ಎಲ್ಲವನ್ನೂ ನೋಡಿ ತಿಳಿದುಕೊಂಡು ಬಂದವರಿಗೆ ಮುದುಕನ ಪ್ರಶ್ನೆ ಹಳೇ ಕಾಲದ್ದು ಅನ್ನಿಸುವುದು ಸಹಜ. ನಗಲಿ, ನಾನೂ ಹಾಗೆ ನಕ್ಕವನೇ. ನಕ್ಕಿದ್ದಕ್ಕೆ ಏನಾಯಿತೆಂದು ಹೇಳುವುದಕ್ಕೇ ಇದನ್ನು ಬರೆಯಲು ಕೂತಿದ್ದೇನೆ.

ಕೆಲಸ ಕಲಿತದ್ದು ಅರಸೀಕೆರೆಯಲ್ಲಿ, ಲಿಂಗಪ್ಪನವರ ರೇಡಿಯೋ ರಿಪೇರಿ ಅಂಗಡಿಯಲ್ಲಿ. ಮದುವೆ ಮನೆಗೆ ಹಾರ್ನ್ ಕಟ್ಟುವುದು, ಸುಟ್ಟುಹೋದ ಆಂಪ್ಲಿಫೈಯರ್ ಬಿಚ್ಚುವುದು, ಬೈಸಿಕೊಳ್ಳುವುದು, ಇವು ಮೂರೇ ನನ್ನ ದಿನಚರಿ. ಲಿಂಗಪ್ಪನವರದು ಮೂಗಿನ ತುದಿಯ ಕೋಪ. ಆದರೆ ಗಿರಾಕಿಯ ಮನೆಗೆ ಹೋದಾಗ ಮಾತ್ರ ಬೇರೆಯೇ ಮನುಷ್ಯ. ಕೊಟ್ಟ ಕಾಫಿ ಕುಡಿದು ಹತ್ತು ನಿಮಿಷ ಸುಮ್ಮನೆ ಕೂತುಬಿಡುತ್ತಿದ್ದರು. ಫ್ಯಾನಿನ ಸದ್ದು, ಕುಕ್ಕರಿನ ಸದ್ದು, ರಸ್ತೆಯ ಬಸ್ಸು, ಎಲ್ಲಿಯೋ ತೊಟ್ಟಿಕ್ಕುವ ನಲ್ಲಿ, ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದರು. ನನಗೆ ತಾಳ್ಮೆ ತಪ್ಪಿ ಸಾಮಾನಿನ ಪೆಟ್ಟಿಗೆಗೆ ಕೈ ಹಾಕಿದರೆ, "ಮೊದ್ಲು ಮನೆ ಸದ್ದು ಕೇಳ್ಕಳ್ಲಾ, ಆಮೇಲೆ ನಿನ್ ಡಬ್ಬ ತೆಗಿ" ಎನ್ನುತ್ತಿದ್ದರು. ಯಜಮಾನರಿಗೆ ಕಾಫಿಯ ಆಸೆ ಎಂದು ನಾನು ಬೆನ್ನ ಹಿಂದೆ ಆಡಿಕೊಂಡಿದ್ದೂ ಉಂಟು.

ಅವರು ಅಂಗಡಿಯನ್ನು ನನಗೆ ಬಿಟ್ಟುಕೊಡುವ ಹೊತ್ತಿಗೆ ಕಾಲ ಬದಲಾಗಿತ್ತು. ಮೂಲೆಯಲ್ಲಿ ನಿಲ್ಲುವ ದೊಡ್ಡ ಸ್ಪೀಕರ್ ಪೆಟ್ಟಿಗೆ ಯಾರಿಗೂ ಬೇಡವಾಯಿತು. ಹಾಡು ಕೇಳಬೇಕು, ಸ್ಪೀಕರ್ ಕಾಣಬಾರದು. ತಾರಸಿಯ ಕೆಳಗೆ ನೇತುಹಾಕಿದ ಪ್ಲಾಸ್ಟರ್ ಗಾರೆಯ ಸೀಲಿಂಗಿಗೆ ದುಂಡಗೆ ತೂತು ಕೊರೆದು, ಅದರೊಳಗೆ ಸ್ಪೀಕರ್ ಕೂರಿಸಿ, ಮೇಲೆ ಬಿಳಿಯ ಜಾಲರಿ ಮುಚ್ಚುವ ಕೆಲಸ ಶುರುವಾಯಿತು. ಗಿರಾಕಿಗಳು ಆರಿಸುವುದು ಜಾಲರಿ ನೋಡಿ. ಅವರ ದೃಷ್ಟಿಯನ್ನು ಜಾಲರಿಯಿಂದ ಒಳಗಿನ ಸಾಮಾನಿಗೆ ತರುವುದರಲ್ಲೇ ನನ್ನ ಅರ್ಧ ಆಯಸ್ಸು ಕಳೆಯಿತು. ಮಲಗುವ ಕೋಣೆಗೆ ಆರೂವರೆ ಇಂಚಿನದು ಸಾಕು, ದೊಡ್ಡ ಹಾಲ್‌ಗೆ ಎಂಟಿಂಚು, ಅಡುಗೆಮನೆಗೆ ಹಬೆ ತಡೆಯುವಂಥದು, ಗೋಡೆಗೆ ತೀರಾ ಅಂಟಿಸಬೇಡಿ, ಒಳಗಿನ ಚಿಕ್ಕ ಸ್ಪೀಕರನ್ನು ಜನ ಕೂರುವ ಕಡೆಗೆ ತಿರುಗಿಸಿ. ಇಷ್ಟು ತಿಳಿದರೆ ಮುಕ್ಕಾಲು ಪಾಲು ತಿಳಿದಂತೆ ಎಂದು ನಾನು ನಂಬಿದ್ದೆ.

ತಪ್ಪುಗಳೇನು ಕಡಿಮೆ ಮಾಡಲಿಲ್ಲ. ಕಣಕಟ್ಟೆಯ ಒಬ್ಬ ಕೊಬ್ಬರಿ ವ್ಯಾಪಾರಿಯ ಮನೆಯಲ್ಲಿ ದೇವರಕೋಣೆಯ ನಂದಾದೀಪದ ನೇರ ಮೇಲೆ ಸ್ಪೀಕರ್ ಹಾಕಿ ಮೂರು ತಿಂಗಳಲ್ಲಿ ಜಾಲರಿಯನ್ನು ಬಾಣಲೆಯ ತಳ ಮಾಡಿದೆ. ಅದನ್ನು ಬಿಚ್ಚಿ ಬಾಗಿಲಿನ ಕಡೆಗೆ ಹಾಕಿದರೆ ವ್ಯಾಪಾರಿಯ ತಾಯಿ ತಕರಾರು ತೆಗೆದರು. ದೇವರ ಹಾಡು ದೇವರ ಕಡೆಯಿಂದ ಬರಬೇಕೇ ಹೊರತು ಬೆನ್ನ ಹಿಂದಿನಿಂದಲ್ಲ ಎಂದು ಅವರ ವಾದ. ಯೋಚಿಸಿ ನೋಡಿದರೆ ಅವರು ಹೇಳಿದ್ದೇ ಸರಿ. ಮೂರನೇ ಸಲ ತೂತು ಕೊರೆದೆ.

ನನ್ನ ಹೆಸರು ಊರೂರಿಗೆ ಹಬ್ಬಿದ್ದೂ ಅದೇ ಮನೆಯಿಂದ. ಹಾಲ್‌ನಲ್ಲಿ ಮೃದಂಗದ ಸದ್ದು ಬಂದಾಗಲೆಲ್ಲ ಎಲ್ಲಿಂದಲೋ ಜರ್ ಎಂಬ ಸದ್ದು. ಸ್ಪೀಕರ್ ಬದಲಾಯಿಸಿದೆ, ವೈರು ಬದಲಾಯಿಸಿದೆ, ಆದರೂ ಜರ್. ಕೊನೆಗೆ ತೂತಿನೊಳಗೆ ಕಿವಿ ಇಟ್ಟಾಗ ಗೊತ್ತಾಯಿತು. ಗಾರೆಯ ಹಲಗೆಗಳನ್ನು ಮೇಲಿನ ಆರ್‌ಸಿಸಿ ತಾರಸಿಗೆ ನೇತುಹಾಕಿದ ಕಬ್ಬಿಣದ ತಂತಿಗಳು ನಡುಗುತ್ತಿದ್ದವು. ಸೀಲಿಂಗ್ ಮೇಸ್ತ್ರಿ ರಂಗಸ್ವಾಮಿಯನ್ನು ಕರೆಸಿ, ತಂತಿ ಕತ್ತರಿಸಿ, ಹಳೆಯ ಮೇಸ್ತ್ರಿಗಳು ಮಾಡುತ್ತಿದ್ದಂತೆ ತೆಂಗಿನ ನಾರನ್ನು ಗಾರೆಯಲ್ಲಿ ಅದ್ದಿ ಕಟ್ಟಿಸಿದೆ. ಜರ್ ಸದ್ದು ಹೋಯಿತು. ತೆಂಗಿನ ಸೀಮೆಯವನಿಗೆ ಇದಕ್ಕಿಂತ ಹೆಮ್ಮೆ ಬೇಕೇ? ಅಲ್ಲಿಂದ ಮುಂದೆ ನಾನು ಒಪ್ಪಿಕೊಂಡ ಮನೆಗಳಲ್ಲೆಲ್ಲ ನಾರಿನ ಕಟ್ಟೇ ಆಗಬೇಕೆಂದು ಹಟ ಹಿಡಿದೆ. ರಂಗಸ್ವಾಮಿ ಒಂದು ಸಲ ತಲೆ ಕೆರೆದುಕೊಂಡು, ಭಾರಕ್ಕೆಂದು ಒಂದೊಂದು ಸ್ಪೀಕರಿಗೆ ಒಂದಾದರೂ ಉಕ್ಕಿನ ತಂತಿಯನ್ನು ತಾರಸಿಗೆ ಬಿಗಿಯೋಣ ಎಂದ. ನೀನು ಗಾರೆ ನೋಡಿಕೊ, ಸದ್ದು ನನಗೆ ಬಿಡು ಎಂದು ನಕ್ಕೆ.

ಬೇಲೂರಿನ ಶ್ರೀಕಂಠಯ್ಯ ಮೇಷ್ಟ್ರ ಮನೆಯ ಕೆಲಸ ಸಿಕ್ಕಿದ್ದು ಹೀಗೆ ಹೆಸರು ಹಬ್ಬಿದ ಮೇಲೆ. ಅವರು ಹೆಡ್‌ಮಾಸ್ಟರಾಗಿ ನಿವೃತ್ತರಾದವರು. ಊರಿನ ಅರ್ಧ ಜನ ಅವರ ಕೈಯಲ್ಲಿ ಓದಿದವರು, ಉಳಿದರ್ಧ ಅವರಿಂದ ಪೆಟ್ಟು ತಿಂದವರು. ಸಂಗೀತದ ಹುಚ್ಚು. ನಾನು ಎರಡು ಬಗೆಯ ಸ್ಪೀಕರ್ ತೆಗೆದುಕೊಂಡು ಹೋಗಿ ಮಂಚದ ಮೇಲಿಟ್ಟು ಕೇಳಿಸಿದೆ. ಒಂದು ಆರೂವರೆ ಇಂಚಿನ ಹಗುರವಾದದ್ದು, ಇನ್ನೊಂದು ಎಂಟಿಂಚಿನದು, ಹಿಂದುಗಡೆ ದಪ್ಪ ಅಯಸ್ಕಾಂತವಿದ್ದದ್ದು. ಮೇಷ್ಟ್ರು ಕಣ್ಣು ಮುಚ್ಚಿ ಕೇಳಿ ಎಂಟಿಂಚಿನದನ್ನು ಆರಿಸಿದರು. ಅವರ ಕಿವಿಯನ್ನು ನಾನೂ ಹೊಗಳಿದೆ. ಅದು ಎಷ್ಟು ಭಾರ, ಆ ಭಾರ ಯಾವುದರ ಮೇಲೆ ನಿಲ್ಲುತ್ತದೆ ಎಂದು ಅವರು ಕೇಳಲಿಲ್ಲ. ಅವರು ಕೇಳಬೇಕಾಗಿಯೂ ಇರಲಿಲ್ಲ, ಕೇಳಬೇಕಾದವನು ನಾನು.

ಸ್ಪೀಕರಿನ ಅಂಚಿನಲ್ಲಿ ಸ್ಕ್ರೂ ತಿರುಗಿಸಿ ಬಿಗಿಯುವ ಹಿಡಿಕೆಗಳು ಕಚ್ಚಿಕೊಳ್ಳುವುದು ಗಾರೆಯ ಹಲಗೆಯನ್ನು. ಹಲಗೆ ನಿಲ್ಲುವುದು ನಾರಿನ ಕಟ್ಟಿನ ಮೇಲೆ. ಅರಸೀಕೆರೆಯಲ್ಲಿ ನಾರು ಒಣಗಿ ಗಟ್ಟಿಯಾಗುತ್ತಲೇ ಹೋಗುತ್ತದೆ. ನಮ್ಮಲ್ಲಿ ವರ್ಷದ ಬಹುಪಾಲು ತಾರಸಿಯ ಮೇಲೆ ಹಪ್ಪಳ ಹಾಕಬಹುದು. ಬೇಲೂರಿನ ಗಾಳಿಯೇ ಬೇರೆ. ಮಳೆ ಹಿಡಿಯಿತೆಂದರೆ ತಾರಸಿ ನೀರು ಕುಡಿದು ದೀಪಾವಳಿಯವರೆಗೂ ತಣ್ಣಗಿರುತ್ತದೆ. ಅಷ್ಟು ವರ್ಷ ಬೇಲೂರಿಗೆ ಹೋಗಿ ಬಂದು ಮಾಡುತ್ತಿದ್ದರೂ ನನ್ನ ತಲೆಯಲ್ಲಿದ್ದದ್ದು ಅರಸೀಕೆರೆಯ ಬಿಸಿಲು ಮಾತ್ರ. ಮೇಷ್ಟ್ರ ಹಾಲ್‌ನ ನಡುಮಧ್ಯೆ ತೊಟ್ಟಿಲು ನೇತುಹಾಕಲು ತಾರಸಿಯಿಂದಲೇ ಇಳಿದ ಕೊಕ್ಕೆಯಿತ್ತು. ಅದನ್ನು ನಡುವಿಟ್ಟುಕೊಂಡು ಸುತ್ತ ನಾಲ್ಕು ಸ್ಪೀಕರ್ ಕೂರಿಸಿದೆ. ನೋಡಲು ಚೆಂದವಾಗಿತ್ತು.

ಮಾರನೆಯ ವರ್ಷ ಮಳೆ ಮುಗಿಯುತ್ತಿದ್ದ ಹಾಗೆ ಮೇಷ್ಟ್ರು ಫೋನ್ ಮಾಡಿ ಮೊಮ್ಮಗಳ ನಾಮಕರಣಕ್ಕೆ ಕರೆದರು. ನಾದಸ್ವರಕ್ಕೆ ಬೇರೆ ಯಾರನ್ನೂ ಕರೆಸಿಲ್ಲ, ನಿಮ್ಮ ಸ್ಪೀಕರುಗಳೇ ಸಾಕು ಎಂದರು. ಆ ದಿನ ಬೆಳಿಗ್ಗೆ ದಾರಿಯಲ್ಲೇ ಇದ್ದ ಒಂದು ಸಣ್ಣ ಕೆಲಸ ಮುಗಿಸಿಕೊಂಡು ಹೋಗೋಣವೆಂದು ಮಾದಿಹಳ್ಳಿಯಲ್ಲಿ ವ್ಯಾನ್ ನಿಲ್ಲಿಸಿದೆ. ಬಸವೇಗೌಡರೆಂಬ ರೈತರ ಮನೆ. ಒಂದು ಸ್ಪೀಕರ್ ಸದ್ದು ನಿಲ್ಲಿಸಿತ್ತು.

ಏಣಿ ಹತ್ತಿ ಸ್ಪೀಕರ್ ಬಿಚ್ಚಿದೆ. ವೈರು ತಡಕಲು ತೂತಿನೊಳಗೆ ಕೈ ಹಾಕಿದೆ. ಕೈಗೆ ತಣ್ಣಗೆ, ಮೆತ್ತಗೆ ಏನೋ ತಗುಲಿತು. ಎಳೆದರೆ ಹಿಡಿಯಷ್ಟು ಕರಿಯ ಸಗಣಿಯಂಥದ್ದು ಬಂತು, ವಾಸನೆ ಹೊಡೆಯುತ್ತಿತ್ತು. ಅದು ನಾನು ಕಟ್ಟಿಸಿದ ನಾರು. ಪಕ್ಕದ ಕಟ್ಟನ್ನು ಮುಟ್ಟಿದೆ, ಅದೂ ಹಾಗೇ. ಕೆಳಗಿನಿಂದ ಗೌಡರು, "ಏನೈತೆ ಸ್ವಾಮಿ ಅಲ್ಲಿ?" ಎಂದರು. ಈ ಮನೆಯದು ಹಗುರವಾದ ಸ್ಪೀಕರು. ಕಟ್ಟಿದ್ದು ಮೇಷ್ಟ್ರ ಮನೆಯ ನಂತರ. ಮೇಷ್ಟ್ರ ಮನೆಯದು ಇದಕ್ಕಿಂತ ಹಳೆಯ ನಾರು, ಇದಕ್ಕಿಂತ ಭಾರದ ಸ್ಪೀಕರು, ಅದರ ಕೆಳಗೆ ತೊಟ್ಟಿಲು.

ಗಂಟೆ ಹತ್ತು ದಾಟಿತ್ತು. ಮುಹೂರ್ತ ಹನ್ನೊಂದರ ಮೇಲೆ. ಮೇಷ್ಟ್ರಿಗೆ ಫೋನ್ ಮಾಡಿದೆ, ಎತ್ತಲಿಲ್ಲ. ಅವರ ಮಗನಿಗೆ ಮಾಡಿದೆ. ಎತ್ತಿದ, ಆದರೆ ನಾದಸ್ವರದ ಅಬ್ಬರದಲ್ಲಿ ನನ್ನ ಮಾತು ಕೇಳಿಸದೆ, ಸೌಂಡ್ ಬಹಳ ಚೆನ್ನಾಗಿದೆ, ಬೇಗ ಬನ್ನಿ ಎಂದು ಇಟ್ಟುಬಿಟ್ಟ. ಆ ಅಬ್ಬರವೇ ನನ್ನ ಎದೆಗೆ ಹೊಡೆಯಿತು. ಸದ್ದು ಜೋರಾದಷ್ಟೂ ಹಲಗೆ ನಡುಗುತ್ತದೆ. ಗೌಡರಿಗೆ ಆ ಕೋಣೆಯಲ್ಲಿ ಯಾರೂ ಕೂರಬೇಡಿ ಎಂದು ಹೇಳಿ ವ್ಯಾನ್ ಹತ್ತಿದೆ.

ಬೇಲೂರಿನ ದಾರಿಯಲ್ಲಿ ಪ್ರವಾಸಿಗರ ಬಸ್ಸುಗಳ ಹಿಂದೆ ಸಿಕ್ಕಿಕೊಂಡೆ. ಹಾರ್ನ್ ಒತ್ತುತ್ತ ಕೂತವನ ತಲೆಯಲ್ಲಿ ಏನೆಲ್ಲ ಬಂತು ಎಂದು ಮುಚ್ಚಿಡದೆ ಹೇಳುತ್ತೇನೆ. ಏನೋ ವೈರಿನ ತೊಂದರೆ ಎಂದು ಸುಳ್ಳು ಹೇಳಿ ಸದ್ದು ನಿಲ್ಲಿಸಲೇ? ಊಟವಾದ ಮೇಲೆ ಯಾರಿಗೂ ತಿಳಿಯದ ಹಾಗೆ ಬಿಚ್ಚಲೇ? ಮಗುವಿನ ಭಯ ಒಂದು, ಹೆಸರಿನ ಭಯ ಒಂದು. ಆ ಅರ್ಧ ಗಂಟೆಯಲ್ಲಿ ಯಾವುದು ದೊಡ್ಡದಿತ್ತೆಂದು ಇವತ್ತಿಗೂ ಪ್ರಾಮಾಣಿಕವಾಗಿ ಹೇಳಲಾರೆ. ನಾಚಿಕೆಯಾಗುತ್ತದೆ, ಆದರೆ ಇದ್ದದ್ದು ಹಾಗೆ.

ಮನೆ ತುಂಬ ಜನ. ತೊಟ್ಟಿಲಿಗೆ ಮಲ್ಲಿಗೆ ಸುತ್ತಿದ್ದರು. ಸೊಸೆ ಸವಿತಾ ಮಗುವನ್ನು ತೊಡೆಯ ಮೇಲಿಟ್ಟುಕೊಂಡು ಮಣೆಯ ಮೇಲೆ ಕೂತಿದ್ದಳು, ಇನ್ನೂ ತೊಟ್ಟಿಲಿಗೆ ಹಾಕಿರಲಿಲ್ಲ. ನಾನು ಯಾರನ್ನೂ ಮಾತಾಡಿಸದೆ ಗೋಡೆಯ ಬೀರುವಿನಲ್ಲಿದ್ದ ಆಂಪ್ಲಿಫೈಯರ್ ಆರಿಸಿದೆ. ಎಲ್ಲರೂ ತಿರುಗಿ ನೋಡಿದರು. ಮೇಷ್ಟ್ರು ನಗುತ್ತಲೇ ಹತ್ತಿರ ಬಂದರು. ಅವರ ಕಿವಿಯಲ್ಲಿ ವಿಷಯ ಹೇಳಿದೆ. ನಗು ಹೋಯಿತು. ಮುಹೂರ್ತ ಮುಗಿಯಲಿ, ಆಮೇಲೆ ನೋಡೋಣ ಎಂದು ನನ್ನ ತೋಳು ಹಿಡಿದು ಬಾಗಿಲ ಕಡೆಗೆ ತಿರುಗಿಸಿದರು. ಇನ್ನು ಕಿವಿಯಲ್ಲಿ ಹೇಳುವುದರಿಂದ ಪ್ರಯೋಜನವಿರಲಿಲ್ಲ.

"ಮೇಷ್ಟ್ರೇ, ಮಗೂನ ಆ ತೊಟ್ಟಿಲಿಗೆ ಹಾಕ್ಬೇಡಿ. ಮೇಲಿರೋ ಸ್ಪೀಕರ್ ಬೀಳಬಹುದು. ತಪ್ಪು ನಂದು."

ಶುಭದ ಹೊತ್ತಿನಲ್ಲಿ ಎಂಥ ಮಾತು ಆಡಿದ ಎಂದು ಯಾರೋ ಹಿರಿಯ ಹೆಂಗಸು ಗೊಣಗಿದರು. ಸವಿತಾ ಮೇಲೆ ನೋಡಿದಳು, ನನ್ನ ಮುಖ ನೋಡಿದಳು, ಯಾರ ಅಪ್ಪಣೆಗೂ ಕಾಯದೆ ಮಗುವನ್ನು ಎತ್ತಿಕೊಂಡು ಒಳಕೋಣೆಗೆ ಹೋದಳು. ಮೇಷ್ಟ್ರ ಮುಖ ಕೆಂಪಾಗಿತ್ತು. ಹಾಗಾದರೆ ಈಗಲೇ ಬಿಚ್ಚಿ ಎಲ್ಲರಿಗೂ ತೋರಿಸಿ ಎಂದರು.

ಏಣಿ ತಂದೆ. ಇಬ್ಬರು ತೊಟ್ಟಿಲನ್ನು ಪಕ್ಕಕ್ಕೆ ಎಳೆದು ಹಿಡಿದರು. ತೊಟ್ಟಿಲಿಗೆ ತೀರಾ ಹತ್ತಿರವಿದ್ದ ಸ್ಪೀಕರನ್ನು ಒಂದು ಕೈಯಲ್ಲಿ ಆತುಕೊಂಡು ಬಿಚ್ಚಿದೆ, ಕೆಳಗೆ ಕೊಟ್ಟೆ, ತೂತಿನೊಳಗೆ ಕೈ ಹಾಕಿದೆ. ನಾರು ಗಟ್ಟಿಯಾಗಿತ್ತು. ಒಣಗಿತ್ತು, ಬೆಳ್ಳಗಿತ್ತು, ಕಟ್ಟಿದ ದಿನದ ಹಾಗೇ ಇತ್ತು. ನಂಬಲಾಗದೆ ಬಲವಾಗಿ ಎಳೆದೆ. ಹಲಗೆಯ ಅಂಚು ಮುರಿಯಿತೇ ಹೊರತು ನಾರು ಜಗ್ಗಲಿಲ್ಲ. ಗಾರೆಯ ಪುಡಿ ಕಳಶದ ಮೇಲೆ, ಮಲ್ಲಿಗೆಯ ಮೇಲೆ, ರೇಷ್ಮೆ ಸೀರೆಗಳ ಮೇಲೆ ಸುರಿಯಿತು.

ಎಲ್ಲಿ ಕೊಳೆತಿದೆ ಎಂದು ಮೇಷ್ಟ್ರು ಕೇಳಿದರು. ಉಳಿದ ಮೂರನ್ನೂ ನೋಡಲು ಬಿಡಿ ಎಂದು ಬೇಡಿಕೊಂಡೆ.

"ಸಾಕು. ಇಷ್ಟು ವರ್ಷ ಪಾಠ ಹೇಳಿದೀನಿ. ತಾನು ಮಾಡಿದ ಕೆಲಸದ ಮೇಲೆ ತನಗೇ ನಂಬಿಕೆ ಇಲ್ದಿರೋ ಮನುಷ್ಯನ್ನ ಇವತ್ತೇ ನೋಡಿದ್ದು. ದಯವಿಟ್ಟು ಹೊರಡಿ."

ಹೊರಟೆ. ಏಣಿಯ ಮೇಲೆ ನಿಂತಾಗ, ಆ ನಾರು ಕೊಳೆತಿದ್ದರೇ ಚೆನ್ನಾಗಿತ್ತು ಎಂದು ಒಂದು ಕ್ಷಣ ನಾನು ಆಸೆಪಟ್ಟಿದ್ದೆ. ಮಗುವಿನ ತಲೆಯ ಮೇಲೆ ಕೊಳೆತ ನಾರು ಇರಲಿ ಎಂದು ಬಯಸಿದ ಮನಸ್ಸನ್ನು ನಾನು ಇನ್ನೂ ಕ್ಷಮಿಸಿಕೊಂಡಿಲ್ಲ. ಕೆಲಸಕ್ಕೆ ಬರುವ ನೀವು ಇದನ್ನು ತಿಳಿದಿರಬೇಕು. ಅನಾಹುತ ತಪ್ಪಿಸಿದ ದಿನವೂ ಏನೂ ಆಗದ ದಿನವೂ ನೋಡಲು ಒಂದೇ ಥರ ಇರುತ್ತವೆ. ಸಾಕ್ಷಿ ಸಿಗುತ್ತದೆ ಎಂದು ನೆಚ್ಚಿಕೊಳ್ಳಬೇಡಿ, ನಿಜವನ್ನು ಸುಮ್ಮನೆ ಹೇಳಿಬಿಡಿ.

ಮಾರನೆಯ ದಿನ ರಂಗಸ್ವಾಮಿಯನ್ನು ಕರೆದುಕೊಂಡು ಹೋಗಿ ಗೌಡರ ಮನೆಯದನ್ನು ಸರಿಮಾಡಿದೆ. ತಾರಸಿಗೆ ಬೋಲ್ಟ್ ಹೊಡೆದು, ಸ್ಪೀಕರಿಗೆ ಉಕ್ಕಿನ ತಂತಿ ಬಿಗಿದು, ಜರ್ ಎನ್ನದಿರಲೆಂದು ನಡುವೆ ರಬ್ಬರ್ ತುಂಡು ಹಾಕಿದೆವು. ಸದ್ದೇ ಬರಲಿಲ್ಲ. ಇಷ್ಟು ಸುಲಭದ ಉಪಾಯ ನನಗೆ ಅಷ್ಟು ವರ್ಷ ಹೊಳೆದಿರಲಿಲ್ಲ. ತಂತಿಯ ಮಾತನ್ನು ರಂಗಸ್ವಾಮಿ ಅಂದೇ ಆಡಿದ್ದ, ನಕ್ಕವನು ನಾನು. ಅಲ್ಲಿಂದ ಬೇಲೂರಿನಲ್ಲಿ ನಾರಿನ ಕಟ್ಟು ಹಾಕಿಸಿದ್ದ ಎರಡು ಮನೆಗಳಿಗೆ ಹೋದೆವು. ಅಷ್ಟರಲ್ಲಿ ನಾಮಕರಣದ ಕಥೆ ಊರೆಲ್ಲ ಸುತ್ತಿತ್ತು. ಒಬ್ಬರು ನಕ್ಕು ಬಾಗಿಲಿಂದಲೇ ಕಳಿಸಿದರು. ಇನ್ನೊಬ್ಬರು, ಮತ್ತೆ ಬಿಚ್ಚಿ ಕಟ್ಟಿ ಹೊಸ ಬಿಲ್ ಮಾಡುವ ಉಪಾಯವೋ ಎಂದರು. ಪುಕ್ಕಟೆ ಮಾಡಿಕೊಡುತ್ತೇನೆ ಎಂದರೂ ಒಳಗೆ ಬಿಡಲಿಲ್ಲ.

ಒಂದು ವಾರದ ಮೇಲೆ ಸವಿತಾ ಫೋನ್ ಮಾಡಿದಳು. ನಾನು ಹೋದ ಮೇಲೆ ಮಗುವಿಗೆ ಒಳಕೋಣೆಯಲ್ಲೇ ಹೆಸರಿಟ್ಟರಂತೆ. ಉಳಿದ ಮೂರು ಸ್ಪೀಕರುಗಳ ಕೆಳಗಿನ ಕುರ್ಚಿ ಮಂಚಗಳನ್ನೆಲ್ಲ ಅವಳು ಸರಿಸಿದ್ದಳಂತೆ, ಒಂದನ್ನು ಬಿಟ್ಟು. ಕಿಟಕಿಯ ಪಕ್ಕದ ಸ್ಪೀಕರಿನ ಕೆಳಗೆ ಮೇಷ್ಟ್ರು ಕೂರುವ ದಿವಾನ ಮಂಚ.

"ಮಾವ ಹಟಕ್ಕೆ ದಿನಾ ಅಲ್ಲೇ ಕೂತ್ಕೊಂಡು ಪೇಪರ್ ಓದ್ತಾರೆ ಸರ್. ನೀವು ಬಂದು ಮೂರೂ ನೋಡಿ ಹೋಗಿ. ನಾನೇ ಕರ್ಸಿದ್ದು ಅಂತ ಹೇಳಿ."

ಹೋದೆ. ಮೇಷ್ಟ್ರು ದಿವಾನದ ಮೇಲೆ ಪೇಪರ್ ಹಿಡಿದು ಕೂತಿದ್ದರು. ನಮಸ್ಕಾರ ಎಂದೆ, ಪೇಪರ್ ಕೆಳಗಿಳಿಯಲಿಲ್ಲ. ಸುಮ್ಮನೆ ಏಣಿ ಹಾಕಿದೆ. ಒಂದನ್ನು ಬಿಚ್ಚಿ ಕೈ ಹಾಕಿದೆ, ಒಣ ನಾರು. ಇನ್ನೊಂದು, ಅದೂ ಒಣ ನಾರು. ಮೂರನೆಯದಕ್ಕೆ ಏಣಿ ತಂದು ದಿವಾನದ ಪಕ್ಕ ನಿಂತೆ. ಮೇಷ್ಟ್ರು ಏಳಲಿಲ್ಲ. ಎರಡು ನೋಡಿದ್ದಾಯಿತಲ್ಲ, ನಿಮ್ಮ ಭ್ರಮೆ ಇನ್ನೂ ಬಿಡಲಿಲ್ಲವೇ ಎಂದರು. ಸವಿತಾ ಎರಡು ಸಲ ಮಾವ, ಎದ್ದೇಳಿ ಎಂದಳು. ಅವರು ಹಾಳೆ ತಿರುವಿದರು.

ಸವಿತಾ ಒಳಗೆ ಹೋಗಿ ಮಗುವನ್ನು ಎತ್ತಿಕೊಂಡು ಬಂದಳು. ಬಂದು ದಿವಾನದ ಮೇಲೆ, ಮಾವನ ಪಕ್ಕದಲ್ಲೇ, ಸ್ಪೀಕರಿನ ನೇರ ಕೆಳಗೆ ಕೂರಲು ಬಾಗಿದಳು. ಅವಳು ಕೂರುವುದಕ್ಕೆ ಮುಂಚೆ ಮೇಷ್ಟ್ರು ಎದ್ದು ನಿಂತಿದ್ದರು. ಸೊಸೆಯ ತೋಳು ಹಿಡಿದು ಅಡುಗೆಮನೆಯ ಬಾಗಿಲವರೆಗೂ ಎಳೆದುಕೊಂಡು ಹೋದರು. ಅಲ್ಲಿ ನಿಂತು ಅವಳ ಮುಖವನ್ನೂ ನನ್ನ ಮುಖವನ್ನೂ ನೋಡಲಾರದೆ ಕನ್ನಡಕ ಒರೆಸಿಕೊಂಡರು. ಆ ವಾರವಿಡೀ ಅವರಿಗೂ ಭಯವಿತ್ತು ಎಂದು ನನಗೆ ಆಗ ಗೊತ್ತಾಯಿತು.

ಏಣಿ ಹತ್ತಿದೆ. ಮೊದಲ ಹಿಡಿಕೆ ಸಡಿಲಿಸಿದೆ. ಎರಡನೆಯದಕ್ಕೆ ಸ್ಕ್ರೂಡ್ರೈವರ್ ತಾಗಿಸಿದ್ದೇ ತಡ, ಸ್ಪೀಕರ್ ಅಲ್ಲ, ಅದರ ಸುತ್ತಲಿನ ಹಲಗೆಯೇ ನನ್ನ ಕಡೆಗೆ ಬಂತು. ಸ್ಪೀಕರನ್ನು ಎದೆಗೆ ಅವುಚಿಕೊಂಡು ಏಣಿಗೆ ಒರಗಿದೆ. ತಟ್ಟೆಯಗಲದ ಎರಡು ಗಾರೆ ಚೂರು ದಿವಾನದ ಮೇಲೆ, ಅವರು ಬಿಟ್ಟು ಎದ್ದಿದ್ದ ಪೇಪರಿನ ಮೇಲೆ ಬಿದ್ದವು. ಮೇಲೆ ತಾರಸಿಯ ಮೂಲೆಯಲ್ಲಿ ಮಳೆನೀರಿನ ಪೈಪು ಇಳಿಯುವ ಜಾಗ. ಕಾಂಕ್ರೀಟು ಕಪ್ಪಗೆ ಒದ್ದೆಯಾಗಿತ್ತು. ನಾರಿನ ಕಟ್ಟು ಎನ್ನುವುದು ಅಲ್ಲಿ ಉಳಿದಿರಲೇ ಇಲ್ಲ.

ನಾನು ಇಳಿದೆ. ಸ್ಪೀಕರನ್ನು ನೆಲದ ಮೇಲಿಟ್ಟು ಅದರ ಪಕ್ಕದಲ್ಲೇ ಕೂತೆ. ಮೇಷ್ಟ್ರು ನಿಧಾನಕ್ಕೆ ಬಂದು ದಿವಾನದ ಮೇಲಿನ ಗಾರೆಗೆ ಅಂಟಿದ್ದ ಕರಿಯ ನಾರನ್ನು ಎರಡು ಬೆರಳಲ್ಲಿ ಎತ್ತಿಕೊಂಡು ಅಂಗೈಯಲ್ಲಿ ಹಿಸುಕಿದರು. ಕಪ್ಪು ನೀರು ಮಣಿಕಟ್ಟಿನವರೆಗೆ ಇಳಿಯಿತು. ತಾವು ಕೂತಿದ್ದ ಜಾಗವನ್ನೂ ಮೇಲಿನ ತೂತನ್ನೂ ನೋಡಿದರು. ಬೈಯುತ್ತಾರೆ ಎಂದುಕೊಂಡೆ. ಬೈಯಲಿ ಎಂದೂ ಅನ್ನಿಸಿತು.

"ಇನ್ನೂ ಎಷ್ಟು ಮನೆಗೆ ಹೀಗೆ ಹಾಕಿದೀರಿ?"

ಬೇಲೂರು ಹಳೇಬೀಡು ಸೇರಿ ಇನ್ನೂ ಹನ್ನೊಂದು ಮನೆ ಎಂದೆ. ಎರಡು ಮನೆಗೆ ಹೋಗಿ ಬಂದದ್ದನ್ನೂ, ಅವರು ಬಾಗಿಲಿಂದಲೇ ಕಳಿಸಿದ್ದನ್ನೂ ಹೇಳಿದೆ.

ಮೇಷ್ಟ್ರು ಆ ನಾರಿನ ಉಂಡೆಯನ್ನು ಪೇಪರಿನ ಹಾಳೆಯಲ್ಲಿ ಸುತ್ತಿಕೊಂಡು ಚಪ್ಪಲಿ ಮೆಟ್ಟಿದರು.

"ಏಳಿ, ನಾನೂ ಬರ್ತೀನಿ. ನೀವೊಬ್ರೇ ಹೋಗಿ ಹೇಳಿದ್ರೆ ಯಾರೂ ನಂಬಲ್ಲ. ನಾನೇ ನಂಬಲಿಲ್ವಲ್ಲ."